ಮಿರಗ ತಪ್ಪಿದಾಗ ಕೇಳಬೇಕಾದ ಪ್ರಶ್ನೆ

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆ ಕೈಕೊಟ್ಟ ವರ್ಷ ಕಲಘಟಗಿ ತಾಲೂಕಿನ ಮಿಶ್ರಿಕೋಟಿಯ ಯಾವ ಕಟ್ಟೆಯ ಮೇಲೆ ಕುಳಿತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ನಿಸರ್ಗಕ್ಕ ನೇಮ ಅನ್ನೂದ ಉಳಿದಿಲ್ಲ ಬಿಡ್ರಿ." ಹೊಲ ಹರಗಿ, ಬೀಜ-ಗೊಬ್ಬರಕ್ಕೆ ಸಾಲ ಮಾಡಿ, ಮುಗಿಲು ನೋಡುತ್ತ ಕುಳಿತವರ ಬಾಯಲ್ಲಿ ಈ ಮಾತು ಬರುವುದು ಸಹಜ. ಆ ಸಂಕಟ ನಿಜವಾದದ್ದು. ಆದರೆ ಮಾತು ನಿಜವೇ? ನಿಸರ್ಗ ಎಂದಾದರೂ ನೇಮ ತಪ್ಪುತ್ತದೆಯೇ? ತಪ್ಪುವುದಿಲ್ಲ ಎಂಬುದು ನನ್ನ ವಾದ. ತಪ್ಪುವುದು ಅದರ ಬಗ್ಗೆ ನಾವು ಕಟ್ಟಿಕೊಂಡ ಮಾತು. ಈ ಎರಡನ್ನೂ ಬೇರೆ ಮಾಡಿ ನೋಡಲು ಕಲಿತಷ್ಟೂ ನಮಗೆ ನಿಸರ್ಗ ತಿಳಿಯುತ್ತ ಹೋಗುತ್ತದೆ.

ನಮ್ಮ ಕಡೆ ಮುಂದಾಗುವುದನ್ನು ತಿಳಿಯಲು ಹಲವು ದಾರಿಗಳಿವೆ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಸಿಂಗರಿಸಿ ಓಡಿಸಿ ಕರಿ ಹರಿಯುತ್ತೇವೆ. ಬಿಳಿ ಎತ್ತು ಮುಂದಾದರೆ ಬಿಳಿ ಬೆಳೆ, ಕೆಂದೆತ್ತು ಮುಂದಾದರೆ ಕೆಂಪು ಬೆಳೆ ಚಲೋ ಎನ್ನುತ್ತೇವೆ. ಇದು ಶಕುನ. ಎತ್ತಿನ ಬಣ್ಣಕ್ಕೂ ಜೋಳದ ತೆನೆಗೂ ನಡುವೆ ಏನು ನಂಟು ಎಂದು ಯಾರೂ ಕೇಳುವುದಿಲ್ಲ. ಅದು ಹಬ್ಬದ ಸಂಭ್ರಮ, ಹಾಗೇ ಇರಲಿ. ಇನ್ನೊಂದು ದಾರಿ ಮಳೆ ನಕ್ಷತ್ರದ್ದು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಶಕುನವಲ್ಲ. ಎಷ್ಟೋ ತಲೆಮಾರಿನ ರೈತರು ಕಂಡದ್ದನ್ನು ಕೂಡಿಸಿ, ಉಳಿದವರ ನೆನಪಿಗೆ ಕಟ್ಟಿಕೊಟ್ಟ ಅನುಭವ ಅದು. ವಿಜ್ಞಾನದ ಮೊದಲ ಹೆಜ್ಜೆ ಇಂಥ ಗಾದೆಯಲ್ಲೇ ಇದೆ ಎಂದು ನಾನು ಗೌರವದಿಂದ ಹೇಳುತ್ತೇನೆ. ಆದರೆ ಮೊದಲ ಹೆಜ್ಜೆಯಲ್ಲೇ ನಿಂತರೆ ಏನಾಗುತ್ತದೆ?

ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಸುತ್ತುತ್ತಾನೆ, ಹೀಗಾಗಿ ಒಂದೊಂದು ನಕ್ಷತ್ರಕ್ಕೆ, ಅದರ ಹೆಸರಿನ ಮಳೆಗೆ 13-14 ದಿನ. ಈಗ ಮಿರಗ ಶುರುವಾಗುವುದು ಜೂನ್ 7-8ರ ಸುಮಾರಿಗೆ. ಆದರೆ ಋತುಗಳು ನಕ್ಷತ್ರವನ್ನು ಕಾಯುವುದಿಲ್ಲ. ಭೂಮಿಯ ಅಕ್ಷ ಸೂರ್ಯನ ಕಡೆಗೆ ಹೇಗೆ ವಾಲಿದೆ ಎಂಬುದರ ಮೇಲೆ ಬಿಸಿಲು, ಮಳೆ, ಚಳಿ ನಿಂತಿವೆ. ಆ ಅಕ್ಷ ಬುಗುರಿಯ ತಲೆಯಂತೆ ಮೆಲ್ಲಗೆ ತಿರುಗುತ್ತಿದ್ದು, ಒಂದು ಸುತ್ತಿಗೆ ಸುಮಾರು 26,000 ವರ್ಷ ತೆಗೆದುಕೊಳ್ಳುತ್ತದೆ. ಅದರಿಂದ ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಇಪ್ಪತ್ತು ನಿಮಿಷ ಏನು ಮಹಾ ಎನ್ನಬೇಡಿ. ಸುಮಾರು 71 ವರ್ಷಕ್ಕೆ ಒಂದು ದಿನ, ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಒಂದು ಇಡೀ ಮಳೆ ನಕ್ಷತ್ರವೇ ಸರಿದುಹೋಗುತ್ತದೆ. ಸಾವಿರ ವರ್ಷದ ಹಿಂದೆ ಮಿರಗ ಶುರುವಾಗುತ್ತಿದ್ದದ್ದು ಈಗ ರೋಹಿಣಿ ಶುರುವಾಗುವ ಹೊತ್ತಿಗೆ. ಉತ್ತರಾಯಣ ಡಿಸೆಂಬರ್ 21-22ಕ್ಕೇ ಆರಂಭವಾದರೂ ನಾವು ಸಂಕ್ರಾಂತಿಯ ಎಳ್ಳು-ಬೆಲ್ಲ ಬೀರುವುದು ಜನವರಿ 14-15ಕ್ಕೆ. ಅದಕ್ಕೂ ಇದೇ ಕಾರಣ.

ಈ ಸರಿತವನ್ನು ನಮ್ಮವರು ಕಾಣದೆ ಇರಲಿಲ್ಲ. ಆರನೇ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಇದನ್ನು ನೇರವಾಗಿ ಎತ್ತಿದ. ಹಳೆಯ ಶಾಸ್ತ್ರಗಳು ಹೇಳುವಂತೆ ದಕ್ಷಿಣಾಯನ ಆಶ್ಲೇಷಾ ನಕ್ಷತ್ರದ ನಡುವೆ ಆಗುತ್ತಿತ್ತು, ಈಗ ಕರ್ಕಾಟಕದ ಮೊದಲಲ್ಲಿ ಆಗುತ್ತದೆ ಎಂದು ಗುರುತಿಸಿ, ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ ಎಂದ. ಶಾಸ್ತ್ರ ಒಂದು ಹೇಳಿ ಆಕಾಶ ಇನ್ನೊಂದು ತೋರಿಸಿದಾಗ ಅವನು ಆಕಾಶದ ಪರ ನಿಂತ. ಏಕೆ ಹೀಗೆ ಎಂಬುದಕ್ಕೆ ಉತ್ತರ 1687ರಲ್ಲಿ ನ್ಯೂಟನ್‌ನಿಂದ ಬಂತು: ನಡುವಿನಲ್ಲಿ ತುಸು ಉಬ್ಬಿದ ಭೂಮಿಯನ್ನು ಸೂರ್ಯಚಂದ್ರರು ಎಳೆಯುವುದರಿಂದ ಅಕ್ಷ ತಿರುಗುತ್ತದೆ. ಗಾದೆ ಸೋತ ಜಾಗದಲ್ಲೇ ಅದಕ್ಕಿಂತ ಆಳದ ನಿಯಮ ಕಾಣಿಸಿಕೊಂಡಿತು. ಗಾದೆ ಎಂದೂ ತಪ್ಪದು ಎಂದು ಹಟ ಹಿಡಿದವರಿಗೆ ಆ ಜಾಗ ಕಾಣುತ್ತಲೇ ಇರಲಿಲ್ಲ.

ಆಧುನಿಕರ ಲೆಕ್ಕ ಮಾತ್ರ ಎಂದೂ ತಪ್ಪದು ಎಂದು ತಿಳಿಯುವುದೂ ಅಷ್ಟೇ ದೊಡ್ಡ ತಪ್ಪು. 1876-78ರ ಬರ ಧಾರವಾಡ ಸೀಮೆಯನ್ನೂ ಸುಟ್ಟಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ, 1875ರಲ್ಲಿ, ಭಾರತದ ಹವಾಮಾನ ಇಲಾಖೆ ಶುರುವಾಗಿತ್ತು. ಅದರ ಮೊದಲ ಮುಖ್ಯಸ್ಥ ಬ್ಲ್ಯಾನ್‌ಫೋರ್ಡ್ ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದರೆ ಮುಂದಿನ ಮಳೆಗಾಲ ಸೊರಗುತ್ತದೆ ಎಂದು ಕಂಡ. 1904ರಲ್ಲಿ ಅದೇ ಇಲಾಖೆಯ ಹೊಣೆ ಹೊತ್ತ ಗಣಿತಜ್ಞ ಗಿಲ್ಬರ್ಟ್ ವಾಕರ್ ಜಗತ್ತಿನ ಮೂಲೆ ಮೂಲೆಯ ಒತ್ತಡ-ಮಳೆಯ ಅಂಕಿಗಳನ್ನು ತಾಳೆ ನೋಡಿ, ಪೆಸಿಫಿಕ್ ಮತ್ತು ಹಿಂದೂ ಸಾಗರಗಳ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ಪತ್ತೆ ಮಾಡಿದ. ಮುಂದೆ ಅದಕ್ಕೆ ಎಲ್ ನಿನೊ ಜೊತೆ ನಂಟು ತಿಳಿಯಿತು: ಪೆಸಿಫಿಕ್ ಕಾದರೆ ನಮ್ಮಲ್ಲಿ ಬರ. ಅಷ್ಟರಲ್ಲಿ 1997 ಬಂತು. ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಒಂದು ಎದ್ದಿದ್ದರೂ ದೇಶದ ಮುಂಗಾರು ಸರಾಸರಿಗಿಂತ ತುಸು ಹೆಚ್ಚೇ ಸುರಿಯಿತು. ವಿಜ್ಞಾನಿಗಳು ಆಗ ನೇಮ ಉಳಿದಿಲ್ಲ ಎನ್ನಲಿಲ್ಲ, ಎಲ್ಲಿ ತಪ್ಪಿತು ಎಂದು ಹುಡುಕಿದರು. 1999ರಲ್ಲಿ ಹಿಂದೂ ಸಾಗರದ ಪೂರ್ವ-ಪಶ್ಚಿಮಗಳ ನಡುವೆ ಬಿಸಿ-ತಂಪು ಅದಲುಬದಲಾಗುವ ಇನ್ನೊಂದು ತಕ್ಕಡಿ ಬೆಳಕಿಗೆ ಬಂತು. 1997ರಲ್ಲಿ ಅದು ನಮ್ಮ ಕಡೆ ವಾಲಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಇಂದಿನವರೆಗೆ ನಡೆದದ್ದು ನಾಳೆಯೂ ನಡೆಯುತ್ತದೆ ಎನ್ನಲು ಆಧಾರವೇನು? ಹೊಗೆ ಇದ್ದಲ್ಲೆಲ್ಲ ಬೆಂಕಿ ಕಂಡಿದ್ದೇವೆ ನಿಜ, ಕಾಣದ ಕಡೆ, ಕಾಣದ ಕಾಲದಲ್ಲಿ ಹಾಗೇ ಇರುತ್ತದೆಂದು ಹೇಗೆ ಹೇಳುವುದು? ಚಾರ್ವಾಕರು ಕೇಳಿದ್ದು ಇದನ್ನೇ. ವಿಜಯನಗರ ಕಾಲದ ಮಾಧವಾಚಾರ್ಯರ 'ಸರ್ವದರ್ಶನಸಂಗ್ರಹ' ಶುರುವಾಗುವುದೇ ಅವರ ದರ್ಶನದಿಂದ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಹ್ಯೂಮ್ ಇದೇ ಪ್ರಶ್ನೆ ಎತ್ತಿದ. ತರ್ಕದಿಂದ ಈ ಸಂಶಯವನ್ನು ಪೂರ್ತಿ ತೊಡೆಯಲಾಗದು. ಅದನ್ನು ನಾನು ಒಪ್ಪುತ್ತೇನೆ. ಆದರೆ ನೈಯಾಯಿಕ ಉದಯನ ಕೊಟ್ಟ ಉತ್ತರ ನನಗೆ ಹೆಚ್ಚು ಹಿಡಿಸುತ್ತದೆ: ಸಂಶಯಕ್ಕೂ ಒಂದು ಗಡಿ ಇದೆ, ನಮ್ಮ ನಡೆಯೇ ಆ ಗಡಿ. ಹಸಿವಾದಾಗ ಊಟಕ್ಕೆ ಕೈ ಚಾಚುವವನು ಅನ್ನದಿಂದ ಹಸಿವು ಹಿಂಗುತ್ತದೆ ಎಂಬುದನ್ನು ಮನಸಾರೆ ಸಂಶಯಿಸಲಾರ. ನಿಸರ್ಗಕ್ಕೆ ನೇಮ ಇಲ್ಲ ಎಂದ ರೈತನೂ ಹದವಾದ ಮರುದಿನ ಕೂರಿಗೆ ಹೂಡುತ್ತಾನೆ. ಅವನ ಮಾತಿಗಿಂತ ಅವನ ಕೂರಿಗೆ ನಿಸರ್ಗವನ್ನು ಹೆಚ್ಚು ನಂಬಿದೆ.

ನೇಮ ಇದೆ ಎಂದರೆ ಎಲ್ಲವನ್ನೂ ಮೊದಲೇ ಹೇಳಬಹುದು ಎಂದಲ್ಲ. ತುಸು ವ್ಯತ್ಯಾಸದಿಂದ ಶುರುವಾದ ಎರಡು ಹವೆಗಳು ಕಾಲ ಕಳೆದಂತೆ ಗುರುತು ಸಿಗದಷ್ಟು ಬೇರೆಯಾಗುತ್ತವೆ ಎಂದು 1963ರಲ್ಲಿ ಎಡ್ವರ್ಡ್ ಲೊರೆಂಜ್ ತೋರಿಸಿದ, ಅದೂ ಕಟ್ಟುನಿಟ್ಟಾದ ಸಮೀಕರಣಗಳ ಒಳಗೇ. ಸಹ್ಯಾದ್ರಿ ದಾಟುತ್ತ ಮೋಡ ನೀರು ಕಳೆದುಕೊಳ್ಳುವುದರಿಂದ ಮಲೆನಾಡಿನ ಸೆರಗಿನ ಕಲಘಟಗಿಗೆ ಹೆಚ್ಚು, ನವಲಗುಂದದ ಎರೆ ಬಯಲಿಗೆ ಕಡಿಮೆ ಮಳೆ ಎಂದು ಗಟ್ಟಿಯಾಗಿ ಹೇಳಬಹುದು. ಬರುವ ತಿಂಗಳು ಇಂಥ ದಿನ ಇಂಥ ಹೊಲಕ್ಕೆ ಎಂದು ಯಾರೂ ಹೇಳಲಾರರು.

ಇನ್ನು ಇತ್ತೀಚಿನ ಅನುಭವಕ್ಕೆ ಬರೋಣ. ವಾರಗಟ್ಟಲೆ ಒಣಗಿಸಿ, ಒಂದೇ ರಾತ್ರಿ ಒಡ್ಡು ಒಡೆಯುವಂತೆ ಸುರಿಯುವ ಮಳೆ ನೇಮಗೆಟ್ಟದ್ದು ಎನಿಸುತ್ತದೆ. ಆದರೆ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿ ಭೂಮಿಯನ್ನು ಕಾಯಿಸಿದವರು ನಾವು. ನೇಮ ಮುರಿದದ್ದಕ್ಕಲ್ಲ, ನೇಮ ಕಿಂಚಿತ್ತೂ ಬಿಡದೆ ಪಾಲಿಸಿದ್ದಕ್ಕೇ ಮಳೆ ಹೀಗೆ ಬರುತ್ತಿದೆ. ನಿಸರ್ಗಕ್ಕೆ ನೇಮ ಇಲ್ಲ ಎಂದುಬಿಟ್ಟರೆ ನಮ್ಮ ಹೊಣೆಯೂ ಇಲ್ಲವಾಗುತ್ತದೆ. ಆ ಮಾತನ್ನು ನಾನು ಒಪ್ಪದಿರಲು ಇದೇ ದೊಡ್ಡ ಕಾರಣ.

ಆದ್ದರಿಂದ ಊರಿನ ಹಿರಿಯರಲ್ಲಿ, ಶಾಲೆಯ ಮಕ್ಕಳಲ್ಲಿ ನನ್ನದೊಂದು ಬಿನ್ನಹ. ಬಾಯಿಂದ ತಳದವರೆಗೆ ಒಂದೇ ಅಗಲದ ಡಬ್ಬಿಯೊಂದನ್ನು ಬಯಲಲ್ಲಿಡಿ. ದಿನಾ ಮುಂಜಾನೆ ಒಂದೇ ಹೊತ್ತಿಗೆ ಅಡಿಪಟ್ಟಿ ಇಳಿಸಿ, ನಿಂತ ನೀರು ಎಷ್ಟು ಮಿಲಿಮೀಟರ್ ಎಂದು ತಾರೀಖು, ಮಳೆ ನಕ್ಷತ್ರಗಳ ಜೊತೆ ವಹಿಯಲ್ಲಿ ಬರೆಯಿರಿ. ಒಂದು ಮಿಲಿಮೀಟರ್ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಗಾದೆ ನಿಜವಾದ ವರ್ಷವನ್ನೂ ಬರೆಯಿರಿ, ಸುಳ್ಳಾದ ವರ್ಷವನ್ನೂ ಬಿಡದೆ ಬರೆಯಿರಿ. ಮಿರಗ ತಪ್ಪಿದ ದಿನದ ಸೊನ್ನೆಯೂ ಆ ವಹಿಯಲ್ಲಿ ಇರಲೇಬೇಕು.