ಅಂಗಡಿ ಬದಲಿಸುವವನ ಧರ್ಮ

ಕೊಳ್ಳುವವನು ಮಾರುವವನಿಗೆ ನಿಷ್ಠನಾಗಿರಬೇಕೆ? ಹಣ ಕೊಟ್ಟು ಸರಕು ಪಡೆದಲ್ಲಿಗೆ ಇಬ್ಬರ ಋಣವೂ ಹರಿಯಿತೆಂದು ವ್ಯವಹಾರಸ್ಥರು ಹೇಳುವರು. ಆದರೆ ಅಂತರ್ಜಾಲದ ವ್ಯಾಪಾರದಲ್ಲಿ ಅಂಗಡಿಯವನ ಸ್ಥಾನದಲ್ಲಿ ಈಗ ನಮ್ಮ ಬಂಧುಮಿತ್ರರೇ ನಿಂತಿರುವುದರಿಂದ ಈ ಉತ್ತರವು ಸಾಲದಾಗಿದೆ.

ಚೀನಾ ದೇಶದಲ್ಲಿ 2003ರಿಂದ ಟಾವೊಬಾವೊ ಎಂಬ ಜಾಲಮಳಿಗೆ ಬೆಳೆದು ನಿಂತಿತ್ತು. 2015ರಲ್ಲಿ ಆರಂಭವಾದ ಪಿಂದುವೊದುವೊ, ಪರಿಚಿತರನ್ನು ಕರೆತಂದು ಗುಂಪಾಗಿ ಕೊಂಡವರಿಗೆ ಬೆಲೆಯಿಳಿಸಿ ಜನರನ್ನು ತನ್ನೆಡೆಗೆ ಸೆಳೆಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ, ಗೃಹಿಣಿಯರು ಸೀರೆ ಮುಂತಾದವುಗಳ ಚಿತ್ರಗಳನ್ನು ವಾಟ್ಸಾಪಿನಲ್ಲಿ ನೆಂಟರಿಷ್ಟರಿಗೆ ಕಳುಹಿಸಿ, ತಮ್ಮ ಲಾಭವನ್ನು ಸೇರಿಸಿ ಮಾರುವ ದಾರಿಯನ್ನು ತೆರೆಯಿತು.

ಇಂಥ ಒಂದು ಮಳಿಗೆಯನ್ನು ಬಿಟ್ಟು ಜನರು ಇನ್ನೊಂದಕ್ಕೆ ಹೋಗುವುದೇಕೆ? ವಿದ್ವಾಂಸರು ಇದಕ್ಕೆ ವಲಸೆಯ ಶಾಸ್ತ್ರವನ್ನೇ ಆಶ್ರಯಿಸಿದ್ದಾರೆ. ರ‍್ಯಾವೆನ್‌ಸ್ಟೈನ್ 1885ರಲ್ಲಿ ವಲಸೆಯ ನಿಯಮಗಳನ್ನು ಬರೆದನು. ಎವರೆಟ್ ಲೀ 1966ರಲ್ಲಿ ಅದನ್ನು ವಿಸ್ತರಿಸಿದನು. 2005ರಲ್ಲಿ ಆ ವಿಚಾರವನ್ನು ಗಿರಾಕಿಗಳಿಗೂ ಅನ್ವಯಿಸಲಾಯಿತು. ಊರು ಬಿಡುವವನಂತೆ ಗಿರಾಕಿಯನ್ನೂ ಒಂದು ಶಕ್ತಿ ತಳ್ಳುತ್ತದೆ, ಒಂದು ಸೆಳೆಯುತ್ತದೆ, ಮತ್ತೊಂದು ದೋಣಿಯ ಹಗ್ಗದಂತೆ ಕಟ್ಟಿಹಾಕುತ್ತದೆ. ಚಿತ್ರದಲ್ಲಿ ಕಂಡ ಬಣ್ಣ ಬಟ್ಟೆಯಲ್ಲಿಲ್ಲದಿರುವುದು ತಳ್ಳುವ ಶಕ್ತಿ; ಅಗ್ಗದ ಬೆಲೆ ಸೆಳೆಯುವ ಶಕ್ತಿ. ಇವೆರಡೂ ಸುಲಭವಾಗಿ ತಿಳಿಯುವಂಥವು.

ವಿಚಾರ ಮಾಡಬೇಕಾದುದು ಆ ಹಗ್ಗದ ಬಗೆಗೆ. ನಮ್ಮ ಭಾಷೆಯಲ್ಲಿ ಅದಕ್ಕೆ ದಾಕ್ಷಿಣ್ಯವೆಂದು ಹೆಸರು. ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ದಾಕ್ಷಿಣ್ಯವಿತ್ತು, ಇಂದಿಗೂ ಉಂಟು. ಆದರೆ ಆ ಅಂಗಡಿಯವನು ಉದ್ದರಿ ಕೊಟ್ಟು ಸುಗ್ಗಿಯವರೆಗೆ ಕಾಯುತ್ತಿದ್ದನು; ಗಿರಾಕಿಯ ಕಷ್ಟದಲ್ಲಿ ಅವನಿಗೂ ಪಾಲಿತ್ತು. ಜಾಲಮಳಿಗೆಯಲ್ಲಾದರೋ ದಾಕ್ಷಿಣ್ಯವು ಅತ್ತಿಗೆ ನಾದಿನಿಯರದು, ದೊಡ್ಡ ಲಾಭವು ಸಂಸ್ಥೆಯದು. ಸರಕು ಕೆಟ್ಟರೆ ಮುಖ ಬಾಡುವುದು ಅತ್ತಿಗೆಯದೇ! ನಂಟಸ್ತಿಕೆಯನ್ನು ಬಂಡವಾಳವಾಗಿ ಪಡೆದ ಸಂಸ್ಥೆಗೆ ನಿಷ್ಠೆಯನ್ನು ಕೇಳುವ ಹಕ್ಕಿಲ್ಲವೆಂದೇ ನನ್ನ ಅಭಿಪ್ರಾಯ. ಅದನ್ನು ಬಿಟ್ಟುಹೋದವನು ದ್ರೋಹಿಯಲ್ಲ.

ಮಾರಿದ ಆ ಹೆಣ್ಣುಮಗಳ ಮಾತು ಬೇರೆ. ಸಂಸ್ಥೆಯೇ ನೇರವಾಗಿ ಮಾರತೊಡಗಿದಾಗ, ಅವಳು ಕಳುಹಿಸಿದ ಸೀರೆಯೇ ಅವಳ ಲಾಭವಿಲ್ಲದ ಬೆಲೆಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊಳ್ಳುತ್ತಿದ್ದವರು ಸದ್ದಿಲ್ಲದೆ ಸರಿಯುತ್ತಾರೆ. ಅತೃಪ್ತನಾದವನಿಗೆ ಹೊರಟುಹೋಗುವುದು ಮತ್ತು ದನಿಯೆತ್ತಿ ಹೇಳುವುದು ಎಂಬ ಎರಡು ದಾರಿಗಳಿವೆಯೆಂದು ಆಲ್ಬರ್ಟ್ ಹರ್ಷ್‌ಮನ್ 1970ರ ಗ್ರಂಥದಲ್ಲಿ ವಿವೇಚಿಸಿದನು. ಹೊರಡುವುದು ಸುಲಭವಾದಷ್ಟೂ ಹೇಳುವುದು ಕಡಿಮೆಯಾಗುತ್ತದೆ. ಸಂಸ್ಥೆಯ ಮಟ್ಟಿಗೆ ಮೊದಲಿನ ದಾರಿ ಸಾಕು. ನಾಳೆ ಮದುವೆ ಮನೆಯಲ್ಲಿ ಮತ್ತೆ ಎದುರಾಗುವವಳಿಗೆ ಮಾತ್ರ ಎರಡನೆಯದೇ ಸಲ್ಲುತ್ತದೆ: ಬೆಲೆ ಹೆಚ್ಚಾಯಿತು, ಇನ್ನು ಬೇರೆಡೆ ಕೊಳ್ಳುವೆನೆಂದು ಹೇಳುವುದು. ಈ ಮಾತು ಕಹಿಯಾದರೂ ಅವಳಿಗೆ ಲೆಕ್ಕ ತಿಳಿಯುತ್ತದೆ. ಮೌನದಿಂದ ಅವಳಿಗೆ ಏನೂ ತಿಳಿಯದು.

ಇನ್ನೊಂದು ಮಾತುಂಟು. ಗಿರಾಕಿಯು ಕ್ಷಣದಲ್ಲಿ ಬೇರೆ ಮಳಿಗೆಗೆ ಹೋಗಬಲ್ಲನು. ಅಲ್ಲಿಯೇ ವರುಷಗಟ್ಟಲೆ ಒಳ್ಳೆಯ ಸರಕು ಮಾರಿ, ಗಿರಾಕಿಗಳಿಂದ ನಕ್ಷತ್ರದ ಗುರುತುಗಳನ್ನು ಗಳಿಸಿದ ಸಣ್ಣ ವ್ಯಾಪಾರಿಯು ಆ ಹೆಸರನ್ನು ಜೊತೆಗೆ ಒಯ್ಯಲಾರನು.