ಮೂರನೆಯ ಪ್ರತಿ ಯಾರ ಮನೆಯಲ್ಲಿ?

ಮನುಸ್ಮೃತಿ ವ್ಯವಹಾರದ ಹದಿನೆಂಟು ಬಗೆಗಳನ್ನು ಎಣಿಸುವಾಗ ಸಾಲದ ಬೆನ್ನಿಗೇ ಬರುವುದು ನಿಕ್ಷೇಪ. ಅಂದರೆ ಒಬ್ಬರು ನಂಬಿ ಇನ್ನೊಬ್ಬರ ಬಳಿ ಇಟ್ಟು ಹೋದ ವಸ್ತು. ಆ ಗ್ರಂಥದ ಜೊತೆ ನನಗಿರುವ ಜಗಳ ದೊಡ್ಡದು, ಅದು ಇಲ್ಲಿ ಬೇಡ. ನಿಕ್ಷೇಪದ ಬಗ್ಗೆ ಅದು ಹೇಳುವ ಒಂದು ಮಾತು ಮಾತ್ರ ಈಚೆಗೆ ನನ್ನನ್ನು ಕಾಡುತ್ತಿದೆ. ಇಟ್ಟ ವಸ್ತುವನ್ನು ಕಳ್ಳರು ಒಯ್ದರೆ, ನೀರು ಕೊಚ್ಚಿಕೊಂಡು ಹೋದರೆ, ಬೆಂಕಿ ಸುಟ್ಟರೆ, ಇಟ್ಟುಕೊಂಡವನು ಅದರಲ್ಲಿ ತಾನೇನೂ ತೆಗೆದುಕೊಂಡಿರದಿದ್ದರೆ, ಅವನು ಅದನ್ನು ತುಂಬಿಕೊಡಬೇಕಿಲ್ಲ.

ನ್ಯಾಯವಾದ ಮಾತೇ. ಬಂಗಾರದ ಸರ ಇರುವುದು ಒಂದೇ. ಮನೆಗೆ ಬೆಂಕಿ ಬಿದ್ದಾಗ ನಿಮ್ಮದರ ಜೊತೆ ಪಕ್ಕದ ಮನೆಯವರದೂ ಸುಟ್ಟುಹೋದರೆ ನಿಮ್ಮನ್ನು ದೂರುವುದು ಹೇಗೆ? ಆದರೆ ಇಟ್ಟ ವಸ್ತುವಿನ ಇನ್ನೊಂದು ಪ್ರತಿಯನ್ನು ಅರ್ಧ ಗಂಟೆಯಲ್ಲಿ, ಮೂಲಕ್ಕೆ ಒಂದಿಷ್ಟೂ ಮುಕ್ಕಾಗದಂತೆ ಮಾಡಿ ಬೇರೆ ಊರಿನಲ್ಲಿಡಬಹುದಾಗಿದ್ದರೆ? ಆಗಲೂ ಬೆಂಕಿಯ ನೆಪ ನಡೆಯುತ್ತದೆಯೇ?

ಈ ಪ್ರಶ್ನೆ ನನಗೆ ಬಂದದ್ದು ಶಾಸ್ತ್ರ ಓದಿ ಅಲ್ಲ, ಹಾರ್ಡ್ ಡಿಸ್ಕಿನ ಬೆಲೆ ನೋಡಿ.

ನನ್ನ ಸಂಶೋಧನೆ ಶರಾವತಿ ಕಣಿವೆಯಿಂದ ಎದ್ದುಬಂದ ಕುಟುಂಬಗಳ ನೆನಪುಗಳ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದಾಗ ಹತ್ತು ಹನ್ನೆರಡು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ನಾಲ್ಕು ವರ್ಷಗಳಲ್ಲಿ ಅವರ ಮಾತು, ಹಾಡು ಸೇರಿ 210 ಗಂಟೆಯ ಧ್ವನಿ ನನ್ನ ಬಳಿ ಕೂಡಿದೆ. ಮಾತಾಡಿದವರಲ್ಲಿ ಒಂಬತ್ತು ಮಂದಿ ಈಗ ಇಲ್ಲ. ಇಷ್ಟನ್ನು ಇಟ್ಟುಕೊಂಡಿರುವುದು ಶಿವಮೊಗ್ಗದ ಬಾಡಿಗೆ ಮನೆಯ ಅಟ್ಟದ ಕೆಳಗೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಡೆಸ್ಕ್‌ಟಾಪೊಂದರಲ್ಲಿ. ಅದಕ್ಕೆ ಎರಡು ಹೊಸ ಡಿಸ್ಕು ಹಾಕಿ ಮನೆಯ ಸರ್ವರ್ ಮಾಡಿಕೊಂಡಿದ್ದೇನೆ. ಯುಪಿಎಸ್ ಸೇರಿ ಮೂವತ್ತು ಸಾವಿರದ ಮೇಲೆ ಹೋಯಿತು. ಫೆಲೋಶಿಪ್ ಹಣ ಮಳೆಗಾಲದ ಬಸ್ಸಿನಂತೆ ಬರುವವರಿಗೆ ಇದು ಸಣ್ಣ ಮೊತ್ತವಲ್ಲ.

ಎರಡು ಡಿಸ್ಕು ಏಕೆ? ಒಂದರ ಕನ್ನಡಿ ಇನ್ನೊಂದು. ಒಂದು ಸತ್ತರೆ ಇನ್ನೊಂದರಲ್ಲಿ ಎಲ್ಲವೂ ಇರುತ್ತದೆ. ರೇಡ್ ಎಂದು ಕರೆಯುವ ಈ ಉಪಾಯಕ್ಕೆ ಹೆಸರು ಕೊಟ್ಟದ್ದು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಬರೆದ ಪ್ರಬಂಧ. ಅದರಲ್ಲಿ ಐ ಅಕ್ಷರ 'ಇನೆಕ್ಸ್‌ಪೆನ್ಸಿವ್', ಅಂದರೆ ಅಗ್ಗದ ಎಂಬುದನ್ನು ಸೂಚಿಸುತ್ತಿತ್ತು. ದೊಡ್ಡ ದುಬಾರಿ ಡಿಸ್ಕಿನ ಬದಲು ಅಗ್ಗದ ಹಲವನ್ನು ಜೋಡಿಸಿ, ಯಾವುದೋ ಒಂದು ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡು ಬದುಕಿ ಎಂಬುದು ಅವರ ವಾದ. ಆಮೇಲೆ ಮಾರುವವರು ಆ ಐಯನ್ನು 'ಇಂಡಿಪೆಂಡೆಂಟ್' ಎಂದು ಓದತೊಡಗಿದರು. ಅಗ್ಗದ್ದು ಎಂದು ಹೇಳಿಕೊಂಡು ಯಾರು ತಾನೇ ಮಾರುತ್ತಾರೆ!

ಆದರೆ ಕನ್ನಡಿ ಕನ್ನಡಿಯೇ. ನಾನು ಅಳಿಸಿದ್ದನ್ನು ಅದೂ ಆ ಕ್ಷಣವೇ ಅಳಿಸುತ್ತದೆ. ವೈರಸ್ಸು ಬಂದು ಒಂದರಲ್ಲಿ ಬೀಗ ಹಾಕಿದರೆ ಇನ್ನೊಂದರಲ್ಲೂ ಬೀಗ. ಏಪ್ರಿಲ್ ಮೇ ತಿಂಗಳ ಗುಡುಗಿಗೆ ಮಲೆನಾಡಿನ ಮನೆಗಳಲ್ಲಿ ಟಿವಿಯ ಪ್ಲಗ್ಗು ಕಿತ್ತಿಡುವುದು ಸುಮ್ಮನೆ ಅಲ್ಲ. ಒಂದೇ ಪೆಟ್ಟಿಗೆಯಲ್ಲಿರುವ ಎರಡು ಡಿಸ್ಕುಗಳಿಗೆ ಸಿಡಿಲು ಒಂದೇ. ಆದ್ದರಿಂದಲೇ ಬಲ್ಲವರು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ಲೆಕ್ಕ ಹೇಳುತ್ತಾರೆ. ಪೀಟರ್ ಕ್ರೋ ಎಂಬ ಛಾಯಾಗ್ರಾಹಕ ಜನಪ್ರಿಯಗೊಳಿಸಿದ ಲೆಕ್ಕ ಇದು.

ಪ್ರತಿ ಬೇರೆ ಜಾಗದಲ್ಲಿರುವುದರ ಬೆಲೆ ಎಷ್ಟೆಂಬುದಕ್ಕೆ 1998ರ ಒಂದು ಪ್ರಸಂಗವಿದೆ. ಪಿಕ್ಸಾರ್ ಕಂಪನಿಯಲ್ಲಿ 'ಟಾಯ್ ಸ್ಟೋರಿ 2' ಚಿತ್ರ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಆಜ್ಞೆಗೆ ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು. ಬ್ಯಾಕಪ್ ಟೇಪು ತೆಗೆದು ನೋಡಿದರೆ ಅದೂ ಸರಿಯಿಲ್ಲ. ಕೊನೆಗೆ ಉಳಿಸಿದ್ದು ಹಸುಗೂಸಿನ ಕಾರಣಕ್ಕೆ ಮನೆಯಿಂದ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್ಮನ್ ಎಂಬಾಕೆಯ ಮನೆಯಲ್ಲಿದ್ದ ಕಂಪ್ಯೂಟರು. ಅಷ್ಟು ದೊಡ್ಡ ಕಂಪನಿಯ ವ್ಯವಸ್ಥೆ ಕೈಕೊಟ್ಟ ಕಡೆ ಒಬ್ಬ ತಾಯಿಯ ಮನೆ ಕೈಹಿಡಿಯಿತು.

'ಕ್ಲೌಡ್‌ನಲ್ಲಿ ಹಾಕಿಬಿಡಿ' ಎನ್ನುವವರಿದ್ದಾರೆ. ಅದು ಬಾಡಿಗೆ ಮನೆ. ತಿಂಗಳು ತಿಂಗಳು ಕಟ್ಟಬೇಕು, ಕಟ್ಟುವ ಕೈ ನಿಂತ ಮೇಲೆ ಏನಾಗುತ್ತದೆ ಎಂಬುದು ಅವರ ಷರತ್ತಿನಲ್ಲಿದೆ. ಹಣ ಕಟ್ಟಿದರೂ ಕಟ್ಟದಿದ್ದರೂ ದೊಡ್ಡವರು ಕಳೆದುಕೊಳ್ಳುವುದಿಲ್ಲ ಎಂಬ ಭರವಸೆಯೂ ಇಲ್ಲ: ಮೈಸ್ಪೇಸ್ ತನ್ನಲ್ಲಿದ್ದ ಹನ್ನೆರಡು ವರ್ಷಗಳ ಸಂಗೀತವನ್ನು ಸರ್ವರ್ ಬದಲಿಸುವಾಗ ಕಳೆದುಕೊಂಡದ್ದು 2019ರಲ್ಲಿ ಬಯಲಾಯಿತು. ಹಾಗೆಂದು ಕ್ಲೌಡ್ ಬೇಡವೇ ಬೇಡ ಎಂಬ ಹಟ ನನಗಿಲ್ಲ. ನನ್ನ ಆದಾಯಕ್ಕೆ ಅದು ನಂಬುವಂಥದ್ದಲ್ಲ, ಅಷ್ಟೇ.

ಹಣ ಕಡಿಮೆ ಇರುವಾಗ ಮೊದಲು ಬೇಕಾದದ್ದು ಯಾವುದನ್ನು ಕಾಯಬೇಕಿಲ್ಲ ಎಂಬ ತಿಳಿವಳಿಕೆ. ನನ್ನ ಸರ್ವರಿನ ಮುಕ್ಕಾಲು ಭಾಗ ತುಂಬಿರುವುದು ಸಿನಿಮಾ, ಇಳಿಸಿಕೊಂಡ ಪುಸ್ತಕ, ಹಳೆಯ ಗೆಜೆಟಿಯರುಗಳ ಸ್ಕ್ಯಾನು. ಇವೆಲ್ಲ ಹೋದರೆ ಬೇಸರವಾಗುತ್ತದೆ, ಆದರೆ ಮತ್ತೆ ಸಿಗುತ್ತವೆ. ಮತ್ತೆ ಸಿಗದ 210 ಗಂಟೆಯ ಧ್ವನಿ ಹಿಡಿಯುವ ಜಾಗ 220 ಜಿಬಿ ಮಾತ್ರ. ಅದಕ್ಕೆ ಒಂದು ಸಣ್ಣ ಪೋರ್ಟಬಲ್ ಡಿಸ್ಕು ಸಾಕು. ಯಾವುದಕ್ಕೆ ಹೆಚ್ಚು ಜಾಗ ಬೇಕೋ ಅದಕ್ಕೆ ಹೆಚ್ಚು ಬೆಲೆ ಎಂದು ಯಂತ್ರ ತೋರಿಸುವ ಪಟ್ಟಿ ನಮ್ಮನ್ನು ನಂಬಿಸುತ್ತದೆ. ಎಂಟು ಜಿಬಿ ಸಿನಿಮಾದ ಪಕ್ಕದಲ್ಲಿ ಅಜ್ಜಿಯೊಬ್ಬಳ ಇಪ್ಪತ್ತು ನಿಮಿಷ ಏನೂ ಅಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನನ್ನ ಸ್ವಂತ ಫೋಟೋಗಳು, ಅಮ್ಮನ ಪತ್ರಗಳ ಸ್ಕ್ಯಾನು, ಇವೂ ಮತ್ತೆ ಸಿಗುವಂಥವಲ್ಲವಲ್ಲ? ಹೌದು, ಸಿಗುವುದಿಲ್ಲ. ಜಾಗ ಉಳಿದರೆ ಅವೂ ಹೋಗಲಿ. ಉಳಿಯದಿದ್ದರೆ ನಾನು ಅವನ್ನು ಬಿಡುತ್ತೇನೆ. ನನ್ನದನ್ನು ಕಳೆದುಕೊಳ್ಳುವ ಸ್ವಾತಂತ್ರ್ಯ ನನಗಿದೆ, ನಿಕ್ಷೇಪವನ್ನು ಕಳೆಯುವ ಸ್ವಾತಂತ್ರ್ಯವಿಲ್ಲ. ಈ ವ್ಯತ್ಯಾಸ ನನಗೆ ಸ್ಪಷ್ಟವಾಗಿದೆ. ಧ್ವನಿಗಳೊಳಗೇ ಇದು ಮುಖ್ಯ, ಇದು ಅಮುಖ್ಯ ಎಂದು ಆರಿಸಲು ಮಾತ್ರ ನಾನು ಒಪ್ಪಲಾರೆ. ನನ್ನ ಪ್ರಬಂಧಕ್ಕೆ ಕೆಲಸಕ್ಕೆ ಬಾರದ ಮಾತು ಮಾತಾಡಿದವರ ಮನೆಗೆ ಏನಾಗಿರಬಹುದು ಎಂಬುದು ನನಗೆ ತಿಳಿಯುವುದು ಹೇಗೆ?

ಹಾಗಾದರೆ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇದು: ಪ್ರತಿ ಮಾಡುವುದು ಸಾಧ್ಯವಾದ ದಿನವೇ ಬೆಂಕಿಯ ನೆಪ ಸಡಿಲವಾಯಿತು. ಪೂರ್ತಿ ಬಿದ್ದುಹೋಗಲಿಲ್ಲ, ಏಕೆಂದರೆ ಸಾಧ್ಯವೆಂಬುದಕ್ಕೂ ಒಂದು ಬೆಲೆಯಿದೆ. ದೊಡ್ಡ ಗ್ರಂಥಾಲಯದಿಂದ ನಿರೀಕ್ಷಿಸುವುದನ್ನು ಒಬ್ಬ ವಿದ್ಯಾರ್ಥಿಯಿಂದ ನಿರೀಕ್ಷಿಸಲಾಗದು. ಆದರೆ ನಾಲ್ಕೂವರೆ ಸಾವಿರದ ಒಂದು ಡಿಸ್ಕಿಗೆ ಬಡತನವನ್ನು ಅಡ್ಡ ಹಿಡಿಯುವುದು ಕಷ್ಟ.

ಇಲ್ಲಿಗೆ ಮುಗಿದಿದ್ದರೆ ಇದು ಬರೀ ಖರ್ಚಿನ ಲೆಕ್ಕವಾಗುತ್ತಿತ್ತು. ತೊಡಕು ಇರುವುದು ಮುಂದೆ.

ಪ್ರತಿ ಹೆಚ್ಚಿದಷ್ಟೂ ವಸ್ತು ಉಳಿಯುತ್ತದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ನಮಗೆ ಸಿಕ್ಕಿಲ್ಲ. ಒಂದು ಉಳಿಯಲು ಅವಳೇ ಕಾರಣ, ಇನ್ನೊಂದು ಅಳಿಯಲು ಅಂಥವಳು ಇಲ್ಲದ್ದೇ ಕಾರಣ ಎಂದು ಸಾಧಿಸಲು ಬಾರದು. ಆದರೂ ಓಲೆಗರಿಯ ಕಾಲದಲ್ಲಿ ಗೆದ್ದಲಿಗೂ ಮಳೆಗೂ ಉತ್ತರವಾಗಿದ್ದದ್ದು ಹಂಚುವುದೊಂದೇ. ಆದರೆ ಪ್ರತಿ ಹೆಚ್ಚಿದಷ್ಟೂ ಗುಟ್ಟು ಕಡಿಮೆಯಾಗುತ್ತದೆ. ಶಾಂತಿಪುರಾಣದಲ್ಲಿ ಯಾರ ಗುಟ್ಟೂ ಇರಲಿಲ್ಲ.

ನನ್ನ ಕಡತಗಳಲ್ಲಿದೆ. ಮುಳುಗಡೆಯಿಂದ ಎದ್ದುಬಂದವರು ಕಾಡು ಕಡಿದು ಗದ್ದೆ ಮಾಡಿದರು. ಅರವತ್ತು ವರ್ಷ ಕಳೆದರೂ ಎಷ್ಟೋ ಮಂದಿಗೆ ಹಕ್ಕುಪತ್ರವಿಲ್ಲ. ಯಾರು ಯಾವ ವರ್ಷ ಎಲ್ಲಿಯವರೆಗೆ ಬೇಲಿ ಹಾಕಿದರು, ಯಾರ ಹೆಸರಿನ ಪರಿಹಾರ ಯಾರು ಪಡೆದರು, ಸರ್ವೆಯವರಿಗೆ ಏನು ಹೇಳಲಾಯಿತು, ಎಲ್ಲವನ್ನೂ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತ ಹೇಳಿದ್ದಾರೆ. ಈ ಮಾತು ತಪ್ಪು ಕೈಗೆ ಸಿಕ್ಕರೆ ಒಂದು ಮನೆಯ ಅನ್ನಕ್ಕೆ ಕುತ್ತು. ಹಾಗಾಗಿ ಅದೇ ನಿಕ್ಷೇಪ ನನ್ನಿಂದ ಎರಡು ಕೇಳುತ್ತದೆ: ನನ್ನನ್ನು ಉಳಿಸು, ನನ್ನನ್ನು ಯಾರಿಗೂ ತೋರಿಸಬೇಡ. ಒಂದಕ್ಕೆ ಹಲವು ಪ್ರತಿ ಬೇಕು, ಇನ್ನೊಂದಕ್ಕೆ ಒಂದೂ ಹೆಚ್ಚು.

ಹಾಡುಗಳ ಮಟ್ಟಿಗೆ ಉತ್ತರ ಸುಲಭವಾಯಿತು. ಹಾಡಿದವರನ್ನು ಕೇಳಿದರೆ 'ಹಾಡು ನಮ್ದೆಂತು, ಎಲ್ರುದ್ದು' ಎಂದರು. ಸೋಬಾನೆ, ನಾಟಿ ಹಾಡು, ದೀಪಾವಳಿಯ ಅಂಟಿಗೆ ಪಂಟಿಗೆ ಪದಗಳನ್ನು ಅವರವರ ಮನೆಯವರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಮೊಮ್ಮಕ್ಕಳು ಬೆಂಗಳೂರಿಗೆ, ಅಲ್ಲಿಂದ ಇನ್ನೆಲ್ಲಿಗೋ ದಾಟಿಸಿದರು. ಧ್ವನಿಯ ಗುಣ ಸ್ವಲ್ಪ ಇಳಿಯಿತು, ಸಂಖ್ಯೆ ಬೆಳೆಯಿತು. ಒಂದು ಪೈಸೆ ಖರ್ಚಿಲ್ಲದೆ ನನಗೆ ಸಿಕ್ಕ ಅತ್ಯುತ್ತಮ ಬ್ಯಾಕಪ್ ಅದು. ಸಂಗ್ರಹಿಸಿದ್ದನ್ನು ಕೊಟ್ಟವರಿಗೇ ಮರಳಿಸುವ ಈ ಕೆಲಸವನ್ನು ನಮ್ಮ ವಿಭಾಗಗಳು ಸಂಶೋಧನೆಯ ಭಾಗವೆಂದು ಇನ್ನೂ ಎಣಿಸಿಲ್ಲ.

ಉಳಿದ ಮಾತಿನ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಧಾರವಾಡದ ಅಕ್ಕನ ಮನೆಯಲ್ಲಿಟ್ಟೆ. ಸಿಡಿಲು ಬೇರೆ, ನೀರು ಬೇರೆ, ಕಳ್ಳರೂ ಬೇರೆ. ಆರು ತಿಂಗಳಿಗೊಮ್ಮೆ ಹೋದಾಗ ಹೊಸ ಡಿಸ್ಕು ಇಟ್ಟು ಹಳೆಯದನ್ನು ತರುತ್ತೇನೆ. ತಂದದ್ದನ್ನು ತೆರೆದು ಹತ್ತು ಕಡತವನ್ನಾದರೂ ಕೇಳುತ್ತೇನೆ, ಏಕೆಂದರೆ ಕೇಳಿ ನೋಡದ ಪ್ರತಿ ಇದೆಯೋ ಇಲ್ಲವೋ ಹೇಳಲಾಗದು. ಮೊದಲ ಸಲ ಕೊಟ್ಟಾಗ ಅಕ್ಕ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟು, 'ಇದ್ರಲ್ಲಿ ಏನಿದೆ ಅಂತ ನಂಗೆ ಗೊತ್ತಿರ್ಬೇಕಾ ಬೇಡ್ವಾ, ಅದನ್ನ ಮೊದ್ಲು ಹೇಳು' ಎಂದಳು. ಬೇಡ ಎಂದೆ. 'ಹಂಗಾದ್ರೆ ಸರಿ' ಎಂದು ಬೀಗ ಹಾಕಿದಳು. ಕಾಯುವವರಿಗೆ ಏನನ್ನು ಕಾಯುತ್ತಿದ್ದೇವೆಂದು ತಿಳಿಯದಿರುವುದು ಅನ್ಯಾಯವೆಂದು ಯಾರಾದರೂ ವಾದಿಸಬಹುದು. ಅಕ್ಕನಿಗೆ ಅದು ನಿರಾಳ.

ಆದರೆ ಎನ್‌ಕ್ರಿಪ್ಟ್ ಆದ ಡಿಸ್ಕಿಗೆ ಗುಪ್ತಪದ ಗೊತ್ತಿರುವವರು ಸತ್ತರೆ ಅದು ಕಲ್ಲು. ನನಗೆ ಇಪ್ಪತ್ತೆಂಟು, ಸಾಗರದ ರಸ್ತೆಯಲ್ಲಿ ವಾರಕ್ಕೆರಡು ಸಲ ಸ್ಕೂಟರಿನಲ್ಲಿ ಓಡಾಡುತ್ತೇನೆ. ನಿಕ್ಷೇಪ ಇಟ್ಟುಕೊಂಡವರು ತಾವು ಇಲ್ಲವಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದಕ್ಕೇ ಗುಪ್ತಪದವನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ನನ್ನ ಜೊತೆಯೇ ಸಂಶೋಧನೆ ಮಾಡುವ ಗೆಳತಿಗೆ ಕೊಡಲು ಸಿದ್ಧ ಮಾಡಿದ್ದೇನೆ. ಡಿಸ್ಕು ಒಬ್ಬರ ಬಳಿ, ಕೀಲಿ ಇನ್ನೊಬ್ಬರ ಬಳಿ. ಇಬ್ಬರೂ ಸೇರದೆ ತೆರೆಯುವುದಿಲ್ಲ. ಗೆಳತಿ ಕೇಳಿದ್ದು ಒಂದೇ: ನೀನು ಇಲ್ಲದಾಗ ಯಾರು ಬಂದು ಕೇಳಿದರೆ ನಾನು ಇದನ್ನು ಒಡೆಯಬೇಕು?

ಸರಿಯಾದ ಪ್ರಶ್ನೆ. ಲಕೋಟೆಯ ಮೇಲೆ ಒಂದು ಪಟ್ಟಿ ಬರೆಯುತ್ತಿದ್ದೇನೆ. ಹೆಚ್ಚಿನವರ ವಿಷಯದಲ್ಲಿ ಕಷ್ಟವಾಗಲಿಲ್ಲ. ಬದುಕಿರುವವರನ್ನು ಕೇಳಿಯೇ ಬರೆದೆ. ತೀರಿಕೊಂಡ ಒಂಬತ್ತು ಮಂದಿಯಲ್ಲಿ ಒಬ್ಬ ಅಜ್ಜಿಯದು ಮಾತ್ರ ಬಗೆಹರಿದಿಲ್ಲ. ಅವರ ಕಡತ 47 ನಿಮಿಷದ್ದು. ಹಾಡುತ್ತಾರೆ, ನಡುವೆ ಎಂಟು ನಿಮಿಷ ಮುಳುಗಡೆಯ ಪರಿಹಾರದ ಹಣ ಮನೆಯಲ್ಲಿ ಏನಾಯಿತೆಂದು ಹೇಳುತ್ತಾರೆ, 'ಇದ್ನ ನಮ್ಮ ಮಾಣಿ ಕಿವಿಗೆ ಹಾಕ್ಬ್ಯಾಡ ಮಗಾ' ಎನ್ನುತ್ತಾರೆ, ಮತ್ತೆ ಹಾಡುತ್ತಾರೆ. ಅವರು ಹೋದ ಮೇಲೆ ಮಗನಿಗೆ ಹಾಡಿನ ಭಾಗಗಳನ್ನು ಕತ್ತರಿಸಿ ಕಳಿಸಿದೆ. ಅವರು ಎರಡು ದಿನ ಬಿಟ್ಟು ಫೋನು ಮಾಡಿ, 'ನಡುವೆ ಎಂತೋ ತೆಗ್ದಿದೀರಿ ಅಲ್ದಾ ಮೇಡಂ' ಎಂದರು. ಹೌದು, ಅಮ್ಮ ಬೇಡ ಎಂದಿದ್ದರು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಅಳ್ಸಬೇಡಿ ಮತ್ತೆ' ಎಂದರು.

ಪಟ್ಟಿಯಲ್ಲಿ ಆ ಕಡತದ ಎದುರಿನ ಜಾಗ ಖಾಲಿಯಿದೆ. ದಸರೆಗೆ ಗೆಳತಿಯ ಕೈಗೆ ಲಕೋಟೆ ಕೊಡುವ ಹೊತ್ತಿಗೆ ಅಲ್ಲಿ ಮಗನ ಹೆಸರನ್ನೋ, 'ಯಾರಿಗೂ ಇಲ್ಲ' ಎಂದೋ ಬರೆಯಬೇಕು.