ಪಂಜರ ತೆರೆದವನ ಲೆಕ್ಕ

ಸ್ಟೀವನ್ ಸ್ಪೀಲ್‌ಬರ್ಗ್‌ನ ‘ದಿ ಲಾಸ್ಟ್ ವರ್ಲ್ಡ್: ಜುರಾಸಿಕ್ ಪಾರ್ಕ್’ 1997ರಲ್ಲಿ ಬಂದಾಗ ಅದಕ್ಕೆ ಮೊದಲ ಚಿತ್ರಕ್ಕೆ ಸಿಕ್ಕ ಮರ್ಯಾದೆ ಸಿಗಲಿಲ್ಲ. 1993ರ ‘ಜುರಾಸಿಕ್ ಪಾರ್ಕ್’ ಜನರ ಕಣ್ಣೆದುರು ಹೊಸ ಲೋಕವನ್ನೇ ತೆರೆದಿತ್ತು. ಎರಡನೆಯದನ್ನು ನೋಡಿ ಅನೇಕ ವಿಮರ್ಶಕರು ಮೂಗು ಮುರಿದರು. ಮಕ್ಕಳ ಲೆಕ್ಕ ಬೇರೆ. ಬಾಡಿಗೆ ಸಿಡಿಯಲ್ಲಿ ಮತ್ತೆ ಮತ್ತೆ ನೋಡಿದ ನನಗೆ ಎರಡನೆಯದೇ ಹೆಚ್ಚು ಇಷ್ಟವಾಗಿತ್ತು. ಅದರಲ್ಲಿ ಡೈನೋಸಾರ್‌ಗಳು ಜಾಸ್ತಿ, ಮತ್ತು ಯಾರ ಪರ ನಿಲ್ಲಬೇಕು ಎಂಬ ಗೊಂದಲವಿರಲಿಲ್ಲ. ಪ್ರಾಣಿಗಳನ್ನು ಹಿಡಿಯುವವರು ಕೆಟ್ಟವರು, ಬಿಡಿಸುವವರು ಒಳ್ಳೆಯವರು.

ಕಥೆ ಮರೆತವರಿಗೆ ಎರಡು ಮಾತು. ಮೊದಲ ಪಾರ್ಕಿನ ಪ್ರಾಣಿಗಳನ್ನು ಹುಟ್ಟಿಸಿ ಬೆಳೆಸುತ್ತಿದ್ದುದು ಇಸ್ಲಾ ಸೋರ್ನಾ ಎಂಬ ಇನ್ನೊಂದು ದ್ವೀಪದಲ್ಲಿ. ಈಗ ಅಲ್ಲಿ ಮನುಷ್ಯರಿಲ್ಲ, ಪ್ರಾಣಿಗಳು ತಮ್ಮ ಪಾಡಿಗೆ ತಾವು ಬದುಕುತ್ತಿವೆ. ಕಂಪನಿಯ ಹೊಸ ಯಜಮಾನ ಲಡ್ಲೋ ಅವನ್ನು ಹಿಡಿದು ಸ್ಯಾನ್ ಡಿಯಾಗೊ ನಗರದಲ್ಲಿ ಪ್ರದರ್ಶನಕ್ಕಿಡಲು ಬೇಟೆಗಾರರ ದಂಡು ಕಟ್ಟಿಕೊಂಡು ಬರುತ್ತಾನೆ. ಇನ್ನೊಂದು ಕಡೆ ಒಂದು ಸಣ್ಣ ತಂಡವಿದೆ: ಗಣಿತಜ್ಞ ಮಾಲ್ಕಮ್, ವಿಜ್ಞಾನಿ ಸಾರಾ, ಯಂತ್ರ-ಸಲಕರಣೆ ನೋಡಿಕೊಳ್ಳುವ ಎಡ್ಡಿ, ಕ್ಯಾಮೆರಾ ಹಿಡಿದ ನಿಕ್. ಪ್ರಾಣಿಗಳ ಸಹಜ ಬದುಕನ್ನು ಚಿತ್ರೀಕರಿಸಿ, ಏನನ್ನೂ ಮುಟ್ಟದೆ ವಾಪಸಾಗುವುದು ಇವರ ಕೆಲಸ.

ಬಹಳ ವರ್ಷಗಳ ನಂತರ ಈಚೆಗೆ ಚಿತ್ರವನ್ನು ಮತ್ತೆ ನೋಡುವಾಗ ನನ್ನ ಕಣ್ಣು ನಿಕ್‌ನ ಬೆನ್ನು ಬಿಡಲಿಲ್ಲ. ಅವನು ಮೂರು ಕೆಲಸ ಮಾಡುತ್ತಾನೆ. ಸಾರಾಳ ಜೊತೆ ಸೇರಿ, ಬೇಟೆಗಾರರು ಹಿಡಿದಿಟ್ಟ ಪ್ರಾಣಿಗಳ ಪಂಜರ ತೆರೆಯುತ್ತಾನೆ. ಟಿ. ರೆಕ್ಸ್ ಗಂಡನ್ನು ಸೆಳೆಯಲು ಕಟ್ಟಿಹಾಕಿದ್ದ, ಕಾಲು ಮುರಿದ ಮರಿಯನ್ನು ಎತ್ತಿಕೊಂಡು ಚಿಕಿತ್ಸೆಗೆಂದು ತಮ್ಮ ಟ್ರೇಲರಿಗೆ ತರುತ್ತಾನೆ. ಬೇಟೆಗಾರರ ಮುಖಂಡ ರೋಲಂಡ್‌ನ ಬಂದೂಕಿನಿಂದ ಗುಂಡುಗಳನ್ನು ಗುಟ್ಟಾಗಿ ತೆಗೆಯುತ್ತಾನೆ. ಚಿಕ್ಕವನಾಗಿದ್ದಾಗ ಈ ಮೂರಕ್ಕೂ ನಾನು ಕುಳಿತಲ್ಲೇ ಕುಣಿಯುತ್ತಿದ್ದೆ.

ಈಗ ಮುಂದಿನ ಸರಪಳಿ ನೋಡಿ. ಬಿಡುಗಡೆಯಾದ ಪ್ರಾಣಿಗಳು ಶಿಬಿರವನ್ನು ತುಳಿದು ಹಾಕುತ್ತವೆ, ಹೊರಗಿನೊಂದಿಗೆ ಮಾತಾಡುವ ಸಾಧನಗಳೂ ಹಾಳಾಗುತ್ತವೆ. ಮರಿಯನ್ನು ಹುಡುಕುತ್ತ ಬಂದ ತಾಯಿ-ತಂದೆ ಟ್ರೇಲರನ್ನು ಕಮರಿಗೆ ತಳ್ಳುತ್ತವೆ. ಅದರೊಳಗೆ ಸಿಕ್ಕಿಕೊಂಡ ಮೂವರನ್ನು ಉಳಿಸಲು ಹೋಗಿ ಎಡ್ಡಿ ಸಾಯುತ್ತಾನೆ. ಎರಡೂ ತಂಡಗಳಿಗೆ ಸಂಪರ್ಕವೇ ಇಲ್ಲದ್ದರಿಂದ ಎಲ್ಲರೂ ದ್ವೀಪದ ನಡುವಿನ ಹಳೆಯ ಕಟ್ಟಡದ ಕಡೆ ನಡೆಯಬೇಕಾಗುತ್ತದೆ. ದಾರಿಯಲ್ಲಿ ಎದೆಯೆತ್ತರದ ಹುಲ್ಲಿನೊಳಗೆ ರ್‍ಯಾಪ್ಟರ್‌ಗಳು ಒಬ್ಬೊಬ್ಬರನ್ನೇ ಎಳೆದುಕೊಳ್ಳುತ್ತವೆ. ಟಿ. ರೆಕ್ಸ್ ಎದುರು ನಿಂತಾಗ ಗುಂಡಿಲ್ಲದ ರೋಲಂಡ್ ಮಂಪರಿನ ಮದ್ದು ಹೊಡೆಯುತ್ತಾನೆ. ಹಾಗಾಗಿ ಅದು ಜೀವಂತ ಸೆರೆ ಸಿಗುತ್ತದೆ, ಹಡಗೇರಿ ಸ್ಯಾನ್ ಡಿಯಾಗೊಗೆ ಹೋಗುತ್ತದೆ, ಅಲ್ಲಿ ಬೀದಿಗಿಳಿಯುತ್ತದೆ. ಬೇಟೆ ತಪ್ಪಿಸಲು ಮಾಡಿದ ಕೆಲಸವೇ ಪ್ರಾಣಿಯನ್ನು ಪ್ರದರ್ಶನದ ಬಾಗಿಲಿಗೆ ಮುಟ್ಟಿಸಿತು.

ಹಾಗಾದರೆ ನಿಕ್ ಖಳನಾಯಕನೇ? ಅಷ್ಟು ಸುಲಭದ ತೀರ್ಪನ್ನು ನಾನು ಒಪ್ಪಲಾರೆ. ಪಂಜರ ತೆರೆಯದಿದ್ದರೆ ಆ ಪ್ರಾಣಿಗಳೆಲ್ಲ ಹಡಗೇರುತ್ತಿದ್ದವು. ಕಾಲು ಮುರಿದು ನರಳುವ ಮರಿಯನ್ನು ಗೂಟಕ್ಕೆ ಕಟ್ಟಿದ ಹಾಗೇ ಬಿಟ್ಟು ನಡೆಯಿರಿ ಎಂದು ಯಾರಿಗೆ ಹೇಳಲು ಬಾಯಿ ಬರುತ್ತದೆ? ದ್ವೀಪಕ್ಕೆ ಬಂದೂಕು ತಂದವರು, ಮರಿಯನ್ನು ಕಟ್ಟಿದವರು ಬೇರೆಯವರು. ಮೊದಲ ಹೊಣೆ ಅವರದೇ. ಬಾಲ್ಯದ ನೋಟವೂ ಇಲ್ಲಿ ಸರಿಯಾಗಿಯೇ ಇತ್ತು. ಅದು ಮನಸ್ಸನ್ನು ನೋಡುತ್ತಿತ್ತು, ಹೆಣಗಳನ್ನು ಎಣಿಸುತ್ತಿರಲಿಲ್ಲ.

ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಕೆಟ್ಟದ್ದಕ್ಕೆ ತಿರುಗಿದಾಗ, ಮಾಡಿದವನು ಆ ಫಲದೊಂದಿಗೆ ಏನು ಮಾಡಬೇಕು? ಇಂಗ್ಲೆಂಡಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಬರೆಯುತ್ತ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಡುತ್ತಾನೆ. ಚಾಲಕನದೇನೂ ತಪ್ಪಿಲ್ಲ, ಆದರೂ ಅವನ ಲಾರಿಗೆ ಮಗುವೊಂದು ಸಿಕ್ಕು ಸಾಯುತ್ತದೆ. ರಸ್ತೆ ಬದಿಯಲ್ಲಿ ನಿಂತವರಿಗೂ ದುಃಖವಾಗುತ್ತದೆ, ಆದರೆ ಚಾಲಕನ ದುಃಖದ ಜಾತಿಯೇ ಬೇರೆ. ‘ನಿನ್ನ ತಪ್ಪಿಲ್ಲಪ್ಪ’ ಎಂದು ನಾವು ಸಮಾಧಾನ ಹೇಳುತ್ತೇವೆ, ಹೇಳಲೇಬೇಕು. ಅವನು ‘ಹೌದಲ್ಲ, ನನ್ನದೇನಿದೆ’ ಎಂದು ತಕ್ಷಣ ಊಟಕ್ಕೆ ಕುಳಿತರೆ ಮಾತ್ರ ನಮಗೆ ಕಸಿವಿಸಿಯಾಗುತ್ತದೆ.

ನಿಕ್ ವಿಷಯದಲ್ಲಿ ಆಗುವುದು ಇದೇ ಕಸಿವಿಸಿ. ಅವನಿಗೆ ಧೈರ್ಯವಿಲ್ಲ ಎನ್ನಲಾಗದು. ಸಹಾಯಕ್ಕಾಗಿ ರೇಡಿಯೋ ಕರೆ ಮಾಡಿ ಎಲ್ಲರಿಗೂ ದಾರಿ ಮಾಡಿಕೊಡುವವನೂ ಅವನೇ. ಆದರೆ ಹೆಲಿಕಾಪ್ಟರ್ ಹತ್ತಿದ ಮೇಲೆ ಅವನು ಚಿತ್ರದಿಂದಲೇ ಮಾಯ. ಸ್ಯಾನ್ ಡಿಯಾಗೊದಲ್ಲಿ ಅನಾಹುತವಾದಾಗ ಮರಿಯನ್ನು ಕಾರಿನಲ್ಲಿ ಹಾಕಿಕೊಂಡು, ಟಿ. ರೆಕ್ಸನ್ನು ಹಿಂದೆ ಓಡಿಸಿಕೊಂಡು ಹಡಗಿನತ್ತ ಧಾವಿಸುವವರು ಮಾಲ್ಕಮ್ ಮತ್ತು ಸಾರಾ. ಮರಿಯ ಕಾಲಿಗೆ ಪಟ್ಟಿ ಕಟ್ಟಿದ್ದ ಸಾರಾ ಕೊನೆಯವರೆಗೆ ಅದರ ಜೊತೆಗಿರುತ್ತಾಳೆ. ಇಬ್ಬರ ಕರುಣೆಯೂ ಒಂದೇ ಬಗೆಯದು, ಆದರೆ ಒಬ್ಬಳು ಕೈಹಚ್ಚಿದ್ದನ್ನು ನಡುವೆ ಬಿಡಲಿಲ್ಲ.

ನಮ್ಮಲ್ಲಿ ಇಂಥ ಚರ್ಚೆ ಬಂದರೆ ನಿಷ್ಕಾಮ ಕರ್ಮದ ಮಾತು ಬಂದೇ ಬರುತ್ತದೆ: ಕರ್ತವ್ಯ ಮಾಡು, ಫಲದ ಚಿಂತೆ ಬಿಡು. ನನಗೆ ಅರ್ಥವಾದ ಮಟ್ಟಿಗೆ, ಅಲ್ಲಿ ಬಿಡಬೇಕಾದದ್ದು ನನಗೆ ಸಿಗುವ ಫಲದ ಆಸೆ. ಬೇರೆಯವರ ತಲೆ ಮೇಲೆ ಬೀಳುವ ಫಲಕ್ಕೂ ನನಗೂ ಸಂಬಂಧವಿಲ್ಲ ಎನ್ನುವ ಪರವಾನಗಿ ಅದಲ್ಲ.

ವಿಚಿತ್ರವೆಂದರೆ, ಈ ಚಿತ್ರದಲ್ಲಿ ಪೆಟ್ಟು ತಿಂದು ಬದಲಾಗುವ ಒಬ್ಬನೇ ಮನುಷ್ಯ ಬೇಟೆಗಾರ ರೋಲಂಡ್. ಒಂದು ಗಂಡು ಟಿ. ರೆಕ್ಸನ್ನು ಬೇಟೆಯಾಡುವ ಹಕ್ಕನ್ನೇ ಅವನು ಕೂಲಿಯಾಗಿ ಕೇಳಿ ಬಂದಿದ್ದ. ಪ್ರಾಣಿ ಅವನ ಕಾಲ ಬುಡದಲ್ಲೇ ಬಿದ್ದಾಗ ಗೆಳೆಯ ಅಜಯ್ ಬದುಕಿಲ್ಲ. ಹುಲ್ಲಿಗೆ ಇಳಿಯಬೇಡಿ ಎಂದು ಕೂಗಿ, ಓಡಿದವರ ಹಿಂದೆ ತಾನೂ ಇಳಿದಿದ್ದವನು ಅಜಯ್. ಪಾರ್ಕಿನಲ್ಲಿ ಕೆಲಸ ಕೊಡುತ್ತೇನೆಂದು ಲಡ್ಲೋ ಹೇಳಿದಾಗ, ಸಾವಿನ ಸಹವಾಸ ಸಾಕು ಎನ್ನುವ ಅರ್ಥದ ಮಾತಾಡಿ ರೋಲಂಡ್ ನಡೆದುಬಿಡುತ್ತಾನೆ. ಚಿಕ್ಕಂದಿನಲ್ಲಿ ಈ ದೃಶ್ಯ ಬಂದಾಗ ನಾನು ಸಿಡಿಯನ್ನು ಮುಂದಕ್ಕೆ ಓಡಿಸುತ್ತಿದ್ದೆ. ಡೈನೋಸಾರ್ ಓಡಾಡದ ದೃಶ್ಯ ಯಾರಿಗೆ ಬೇಕು?

ಚಿತ್ರ ಕೊನೆಗೆ ಕೊಡುವ ಉತ್ತರ, ದೂರವಿರಿ ಎಂಬುದು. ಪಾರ್ಕ್ ಕಟ್ಟಿದ ಮುದುಕ ಹ್ಯಾಮಂಡ್ ಟಿವಿಯಲ್ಲಿ ಬಂದು, ಆ ದ್ವೀಪವನ್ನು ಅದರ ಪಾಡಿಗೆ ಬಿಡಿ ಎಂದು ಕೇಳಿಕೊಳ್ಳುತ್ತಾನೆ. ಮಾತು ಚೆನ್ನಾಗಿದೆ, ಆದರೆ ಆ ಜೀವಗಳನ್ನು ಹುಟ್ಟಿಸಿದವನೇ ಅವನು. ಹುಟ್ಟಿಸಿ ಆದಮೇಲೆ ದೂರ ನಿಲ್ಲುವುದು ಕೆಲವೊಮ್ಮೆ ವಿವೇಕ, ಕೆಲವೊಮ್ಮೆ ಕೈ ತೊಳೆದುಕೊಳ್ಳುವುದು. ಕಬ್ಬು ಕಡಿಯುವಾಗ ಚಿರತೆ ಮರಿ ಸಿಕ್ಕ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಎಷ್ಟೋ ಸಲ ಅರಣ್ಯ ಸಿಬ್ಬಂದಿ ಮರಿಯನ್ನು ಸಿಕ್ಕ ಜಾಗದಲ್ಲೇ ಇಟ್ಟು, ಜನರನ್ನು ದೂರ ಕಳಿಸಿ, ರಾತ್ರಿ ತಾಯಿ ಬರುವುದನ್ನು ಕಾಯುತ್ತಾರೆ. ಅದೂ ದೂರ ನಿಲ್ಲುವುದೇ. ಆದರೆ ತಾಯಿ ಬಂದು ಒಯ್ಯುವವರೆಗೆ ಅವರ ಕೆಲಸ ಮುಗಿದಿರುವುದಿಲ್ಲ.

ಈ ಸಲ ನೋಡಿದಾಗ ನನ್ನನ್ನು ಹೆಚ್ಚು ಕಾಡಿದವನು ಎಡ್ಡಿ. ಮರಿಯನ್ನು ತಂದವನು ಅವನಲ್ಲ, ತರೋಣವೇ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಮಳೆಯಲ್ಲಿ ಹಗ್ಗ ಕಟ್ಟಿ, ಜಾರುವ ಟ್ರೇಲರನ್ನು ಕಾರಿನಿಂದ ಎಳೆದು ಹಿಡಿಯುತ್ತಾನೆ. ಎರಡು ಟಿ. ರೆಕ್ಸ್‌ಗಳು ಬಂದು ಕಾರನ್ನು ಚಿಂದಿ ಮಾಡುತ್ತಿದ್ದರೂ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯುವುದಿಲ್ಲ. ಅವನು ಹಿಡಿದದ್ದರಿಂದಲೇ ಆ ಮೂವರು ಬದುಕುತ್ತಾರೆ. ನಂತರ ಚಿತ್ರ ಅವನನ್ನು ನೆನೆಯುವುದು ತೀರ ಕಡಿಮೆ, ಕಥೆಗೆ ಅಷ್ಟು ಅವಸರ. ಒಳ್ಳೆಯ ಉದ್ದೇಶದ ಖರ್ಚನ್ನು ಹೀಗೆ ಯಾರೋ ಮೂರನೆಯವರು ಕೊಡುವುದನ್ನು ಸಿನಿಮಾದಾಚೆಗೂ ನೋಡುತ್ತಿರುತ್ತೇವೆ. ನೀವೂ ಬಾಲ್ಯದ ಇಂಥ ಚಿತ್ರವೊಂದನ್ನು ಮತ್ತೆ ಹಾಕಿಕೊಂಡು ಕುಳಿತರೆ, ನಾಯಕನಿಂದ ಸ್ವಲ್ಪ ಹೊತ್ತು ಕಣ್ಣು ತೆಗೆದು ಹಗ್ಗ ಹಿಡಿದು ನಿಂತವನು ಯಾರೆಂದು ನೋಡಿ.